ಬಯಲುಸೀಮೆಯ ಒಣ ಅಂಗಳಕ್ಕೆ ಯಾವ ಕಳ್ಳಿ, ಯಾವ ಗಿಡ?

ವೇದಾವತಿ ತೀರ, ಹಿರಿಯೂರು

ಎಲ್ಲರಿಗೂ ನಮಸ್ಕಾರ. ಹಿರಿಯೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಮುಂದೆ ಮತ್ತು ಪಡುವಣ ಬದಿಯಲ್ಲಿ ಒಂದೆರಡು ಗುಂಟೆ ಜಾಗ ಖಾಲಿ ಇದ್ದು, ಅಲ್ಲಿ ನೀರು ಹೆಚ್ಚು ಕೇಳದ ತೋಟ ಮಾಡಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದ್ದೇವೆ. ಮಣ್ಣು ಕೆಂಪು ಗರಸು. ಮೊಣಕಾಲುದ್ದ ಅಗೆದರೆ ಕಲ್ಲು ಸಿಗುತ್ತದೆ. ಕೊಳವೆಬಾವಿ ಇದೆಯಾದರೂ, ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ ಹುಲ್ಲುಹಾಸಿಗೆ ನೀರು ಬಿಡುವುದು ನಮಗೆ ಸರಿ ಕಾಣುವುದಿಲ್ಲ. ಒಣತೋಟಗಳ ಚಿತ್ರಗಳಲ್ಲಿ ಬಿಳಿ ಜಲ್ಲಿಯ ನಡುವೆ ಗುಲಾಬಿಯ ಆಕಾರದ ಎಚೆವೇರಿಯಾ, ಉರುಟು ಕಳ್ಳಿ, ನೀಲಿ ಛಾಯೆಯ ಕತ್ತಾಳೆ ಇವುಗಳನ್ನೇ ತೋರಿಸುತ್ತಾರೆ. ಇವೆಲ್ಲ ನಮ್ಮ ಬಿಸಿಲಿನಲ್ಲಿ, ಕುಂಡವಿಲ್ಲದೆ, ನೆಲದಲ್ಲೇ ಬದುಕುತ್ತವೆಯೇ? ಬದುಕುವುದಿಲ್ಲವಾದರೆ ಅವುಗಳ ಬದಲು ಏನು ಹಾಕಬಹುದು? ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ನರ್ಸರಿ ಕೈಗುಣ, ಬೆಂಗಳೂರು

ನಮಸ್ಕಾರ ಮೇಡಂ. ನಾನು ಸಕ್ಯುಲೆಂಟ್, ಅಂದರೆ ಎಲೆ ಕಾಂಡಗಳಲ್ಲಿ ನೀರು ಕೂಡಿಡುವ ಗಿಡಗಳನ್ನು ಬೆಳೆಸಿ ಮಾರುವ ಕೆಲಸದಲ್ಲಿರುವವನು. ಆದರೂ ನೇರವಾಗಿಯೇ ಹೇಳುತ್ತೇನೆ. ನೀವು ಚಿತ್ರದಲ್ಲಿ ನೋಡಿದ ಎಚೆವೇರಿಯಾಗಳಲ್ಲಿ ಹೆಚ್ಚಿನವು ಮೆಕ್ಸಿಕೊದ ಎತ್ತರದ ಪ್ರದೇಶಗಳಿಂದ ಬಂದಂಥವು. ಅಲ್ಲಿ ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ತಂಪಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಅವು ಹೇಗೋ ಹೊಂದಿಕೊಳ್ಳುತ್ತವೆ, ಹಾಗಾಗಿ ಇಲ್ಲಿನ ನರ್ಸರಿಗಳಲ್ಲಿ ಅವುಗಳ ವ್ಯಾಪಾರವೂ ಜೋರು. ಅದೇ ಗಿಡವನ್ನು ಬಳ್ಳಾರಿಗೋ ರಾಯಚೂರಿಗೋ ಒಯ್ದು ನೆಲದಲ್ಲಿಟ್ಟರೆ ಒಂದು ಬೇಸಿಗೆ ದಾಟುವುದೂ ಕಷ್ಟ. ನಿಮ್ಮ ಹಿರಿಯೂರು ಇವೆರಡರ ನಡುವಿನ ಹವೆಯ ಊರು. ನೆರಳಿನ ಜಗಲಿಯ ಮೇಲೆ ಕುಂಡದಲ್ಲಿಟ್ಟರೆ ಉಳಿದಾವು, ಪಡುವಣ ಬಿಸಿಲಿಗೆ ಒಡ್ಡಿದ ನೆಲಕ್ಕೆ ಅವು ಬೇಡ.

ಅಂಗಡಿಯ ಗಿಡಗಳಲ್ಲಿ ನಿಮ್ಮ ನೆಲಕ್ಕೆ ಧೈರ್ಯವಾಗಿ ಹಾಕಬಹುದಾದವೂ ಇವೆ. ನಮ್ಮ ಕಡೆ ಜೇಡ್ ಎಂದು ಮಾರುವ ಸಣ್ಣ ದುಂಡೆಲೆಯ ಗಿಡ ಬಹುಪಾಲು ಪೋರ್ಚುಲಕೇರಿಯಾ ಆಫ್ರಾ. ದಕ್ಷಿಣ ಆಫ್ರಿಕದಲ್ಲಿ ಆನೆಗಳು ಅದನ್ನು ಮೇಯುತ್ತವೆ, ಮುರಿದು ಬಿದ್ದ ಕೊಂಬೆ ಮತ್ತೆ ಬೇರು ಬಿಡುತ್ತದೆ. ಅಷ್ಟು ಗಟ್ಟಿ ಜಾತಿ. ಅಡೆನಿಯಂ ಪೂರ್ವ ಆಫ್ರಿಕ ಮತ್ತು ಅರೇಬಿಯಾದ ಬಿಸಿಸೀಮೆಯದು, ರಾತ್ರಿಯ ಸೆಕೆಯೂ ಅದಕ್ಕೆ ಸಮ್ಮತ. ಲೋಳೆಸರ, ದೇವಗಣಗಿಲೆ, ಬೋಗನ್‌ವಿಲ್ಲಾ ಇವುಗಳ ವಿಷಯ ಹೇಳಬೇಕಾದ್ದೇ ಇಲ್ಲ. ಬೆಳಗಿನ ಬಿಸಿಲು ಏರಿದ ಮೇಲೆ ಅರಳುವ ಟೇಬಲ್ ರೋಸನ್ನು ಅಂಚಿಗೆ ಹಾಕಿದರೆ ಬಣ್ಣಕ್ಕೆ ಕೊರತೆಯಾಗದು.

ಸಸ್ಯಪಾಠ, ತುಮಕೂರು

ಮೇಲಿನವರು ರಾತ್ರಿಯ ತಂಪಿನ ಮಾತೆತ್ತಿದ್ದು ಬಹಳ ಒಳ್ಳೆಯದಾಯಿತು. ಒಣತೋಟದ ಚರ್ಚೆಗಳಲ್ಲಿ ಎಲ್ಲರೂ ಬಿಸಿಲು ಮತ್ತು ನೀರಿನ ಬಗ್ಗೆಯೇ ಮಾತನಾಡುತ್ತಾರೆ. ರಾತ್ರಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವಳಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೊಡಿ.

ಸಾಮಾನ್ಯ ಗಿಡಗಳು ಹಗಲು ಹೊತ್ತು ಎಲೆಯ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ, ತೆರೆದ ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೋಗುತ್ತದೆ. ಕಳ್ಳಿ, ಕತ್ತಾಳೆ, ಲೋಳೆಸರ, ಕಾಡುಬಸಳೆಗಳು ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಜೀವಕೋಶಗಳಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಮುಚ್ಚಿದ ಎಲೆಯೊಳಗೇ ಅದನ್ನು ಬಿಡಿಸಿ ಸಕ್ಕರೆ ಮಾಡಿಕೊಳ್ಳುತ್ತವೆ. ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸಿಯ ಹೆಸರಿನಿಂದಲೇ ವಿಜ್ಞಾನಿಗಳು ಈ ಕ್ರಮವನ್ನು ಗುರುತಿಸುತ್ತಾರೆ.

ಇದರ ಸುಳಿವು ಹಿಡಿದವರಲ್ಲಿ ಒಬ್ಬರಿಗೆ ನಮ್ಮ ಲಾಲ್‌ಬಾಗಿನ ನಂಟಿದೆ ಎಂಬುದು ಕನ್ನಡದ ತೋಟಪ್ರಿಯರಿಗೆ ಗೊತ್ತಿರಬೇಕಾದ ಸಂಗತಿ. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿಯೂ, ಮಧ್ಯಾಹ್ನ ರುಚಿಯಿಲ್ಲದೆಯೂ, ಸಂಜೆಯ ಹೊತ್ತಿಗೆ ತುಸು ಕಹಿಯಾಗಿಯೂ ಇರುವುದನ್ನು ನಾಲಗೆಯಿಂದಲೇ ಪತ್ತೆಮಾಡಿ ಲಂಡನ್ನಿಗೆ ಪತ್ರ ಬರೆದರು. ಅದು 1815ರಲ್ಲಿ ಲಿನ್ನಿಯನ್ ಸೊಸೈಟಿ ಎಂಬ ನಿಸರ್ಗವಿಜ್ಞಾನಿಗಳ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಬೆಳಗಿನ ಆ ಹುಳಿಯೇ ರಾತ್ರಿ ಕೂಡಿಟ್ಟ ಮ್ಯಾಲಿಕ್ ಆಮ್ಲ. ಮನೆಯಲ್ಲಿ ಕಾಡುಬಸಳೆ ಇರುವವರು ಎಲೆಯ ತುದಿಯನ್ನು ನಾಲಗೆಗೆ ತಾಗಿಸಿ ನೋಡಬಹುದು, ಆದರೆ ನುಂಗಬಾರದು; ದನಕರುಗಳ ಹೃದಯಕ್ಕೆ ವಿಷವಾಗುವ ಅಂಶ ಆ ಗಿಡದಲ್ಲಿದೆ.

ತೋಟಕ್ಕೆ ಇದರಿಂದ ಏನು ಪ್ರಯೋಜನವೆಂದರೆ, ಇಂಥ ಗಿಡಗಳಿಗೆ ರಾತ್ರಿಯೇ ದುಡಿಮೆಯ ಹೊತ್ತು. ರಾತ್ರಿಯೂ ನೆಲ, ಗೋಡೆ, ಗಾಳಿ ಎಲ್ಲವೂ ಕಾದಿದ್ದರೆ ಗಿಡ ರಂಧ್ರವನ್ನು ಸರಿಯಾಗಿ ತೆರೆಯಲಾರದು, ಕೂಡಿಟ್ಟದ್ದನ್ನು ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಬೇರಿಗೆ ನೀರು ನಿಂತರೆ ಕೊಳೆತವೇ ಗತಿ. ಬಿಸಿಲಿಗೆ ಸತ್ತಿತು ಎಂದು ನಾವು ಹೇಳುವ ಎಷ್ಟೋ ಗಿಡಗಳು ಸೆಕೆಯ ರಾತ್ರಿ ಮತ್ತು ಒದ್ದೆ ಮಣ್ಣು ಸೇರಿ ಸತ್ತಿರುತ್ತವೆ. ಆದ್ದರಿಂದ ಹೆಚ್ಚು ಬಿಸಿಲು ಬೀಳುವ ಪಡುವಣ ಗೋಡೆಯ ಬುಡಕ್ಕೆ ಸಕ್ಯುಲೆಂಟುಗಳನ್ನು ನೆಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹಗಲೆಲ್ಲ ಕಾದ ಗೋಡೆ ನಡುರಾತ್ರಿಯವರೆಗೂ ಶಾಖ ಬಿಡುತ್ತಲೇ ಇರುತ್ತದೆ.

ಅರಿಜೋನಾ ಕನ್ನಡಿಗ, ಫೀನಿಕ್ಸ್

ಉಪನ್ಯಾಸಕಿಯವರ ಮಾತಿಗೆ ಇಲ್ಲಿನ ಸಾಕ್ಷಿಯನ್ನು ಸೇರಿಸುತ್ತೇನೆ. ನಾನಿರುವ ಫೀನಿಕ್ಸ್ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರಿಗಿಂತಲೂ ಕಡಿಮೆ. ಸಗ್ವಾರೊ ಎಂಬ ಕಂಬದಾಕಾರದ ದೈತ್ಯ ಕಳ್ಳಿ ಇಲ್ಲಿನ ಮರುಭೂಮಿಯ ಮಗು. ಐವತ್ತು ವರ್ಷ ದಾಟಿದ ಮೇಲೆ ಮೊದಲ ತೋಳು ಚಾಚುವ, ನೂರೈವತ್ತು ವರ್ಷ ಬಾಳುವ ಗಿಡ. 2023ರ ಬೇಸಿಗೆಯಲ್ಲಿ ಸತತ 31 ದಿನ ಹಗಲಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ಮೀರಿತು, ಸತತ 16 ರಾತ್ರಿ ಅದು 32 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆಗ ನಗರದೊಳಗಿನ ಸಗ್ವಾರೊಗಳ ತೋಳುಗಳು ಕಳಚಿ ಬಿದ್ದವು, ಕೆಲವು ಬುಡಸಮೇತ ಕುಸಿದವು. ಇಲ್ಲಿನ ಡೆಸರ್ಟ್ ಬಟಾನಿಕಲ್ ಗಾರ್ಡನ್ನಿನ ವಿಜ್ಞಾನಿಗಳು ಕೊಟ್ಟ ವಿವರಣೆಯೂ ಇದೇ: ರಾತ್ರಿ ತಣಿಯದಿದ್ದರೆ ಕಳ್ಳಿಗೆ ಉಸಿರೆಳೆಯಲು ಬಿಡುವಿಲ್ಲ. ಮರುಭೂಮಿಯಲ್ಲೇ ಹುಟ್ಟಿದ ಗಿಡದ ಪಾಡು ಹೀಗಾದರೆ ಬೇರೆಯವುಗಳ ಪಾಡೇನು?

ಇಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಸಗ್ವಾರೊದ ಸಸಿ ಬಯಲಿನಲ್ಲಿ ತಾನಾಗಿ ಉಳಿಯುವುದು ಬಹಳ ಅಪರೂಪ. ಪಾಲೊ ವರ್ಡೆ ಎಂಬ ಸಣ್ಣೆಲೆಯ ಮರದ ಅಡಿಯಲ್ಲಿ, ಅದರ ತೆಳುನೆರಳಿನಲ್ಲಿ ಎಳೆತನ ಕಳೆದು, ದೊಡ್ಡದಾದ ಮೇಲೆ ಮರವನ್ನೂ ಮೀರಿ ಬೆಳೆಯುತ್ತದೆ. ಇಂಥ ಪೋಷಕ ಮರವನ್ನು ಮೊದಲು ನೆಟ್ಟು, ಅದರ ಬುಡದಲ್ಲಿ ಸಕ್ಯುಲೆಂಟುಗಳನ್ನು ಕೂರಿಸುವುದು ಇಲ್ಲಿನ ಒಳ್ಳೆಯ ತೋಟಗಾರರ ಕ್ರಮ. ಬರೀ ಜಲ್ಲಿ ಹರಡಿದ ಅಂಗಳಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಮರದ ನೆರಳಿಲ್ಲದ ಕಲ್ಲಿನ ಅಂಗಳ ಮನೆಯನ್ನೂ ಕಾಯಿಸುತ್ತದೆ, ಗಿಡವನ್ನೂ ಕಾಯಿಸುತ್ತದೆ.

ಎರೆಹೊಲ, ವಿಜಯಪುರ

ಹಿರಿಯೂರಿನ ಅಕ್ಕಾವರಿಗೆ ಗರಸು ಮಣ್ಣು ಇರುವುದು ದೊಡ್ಡ ಭಾಗ್ಯ. ನಮ್ಮ ಎರೆ ಭೂಮಿ ಮಳೆ ಬಂದರೆ ಉಬ್ಬಿ ನೀರನ್ನು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿದು ಬೇರನ್ನೇ ಹರಿಯುತ್ತದೆ. ಇಲ್ಲಿನ ಬಡಾವಣೆಯೊಂದರಲ್ಲಿ ಗುತ್ತಿಗೆದಾರರು ಎರೆಯನ್ನು ಒಂದಡಿ ತೋಡಿ, ತಗ್ಗಿನಲ್ಲಿ ಬಿಳಿ ಜಲ್ಲಿ ತುಂಬಿ, ಅದರಲ್ಲಿ ಉರುಟು ಕಳ್ಳಿಗಳನ್ನು ಸಾಲಾಗಿ ನೆಟ್ಟುಹೋದರು. ಸೆಪ್ಟೆಂಬರಿನ ಮಳೆಗೆ ಆ ತಗ್ಗು ಕಲ್ಲು ತುಂಬಿದ ತೊಟ್ಟಿಯಂತಾಗಿ ನೀರು ನಿಂತಿತು, ದಸರೆಯ ಹೊತ್ತಿಗೆ ಕಳ್ಳಿಗಳೆಲ್ಲ ಬುಡದಿಂದ ಮೆತ್ತಗಾಗಿ ಒರಗಿದವು. ಅಲ್ಲಿನ ಕೆಲವರು ಕಳ್ಳಿಯೂ ನಮ್ಮೂರಲ್ಲಿ ಬಾಳದು ಎಂದು ಬೇಸರಪಟ್ಟುಕೊಂಡರು. ತಪ್ಪು ಗಿಡದ್ದಾಗಿರಲಿಲ್ಲ.

ಎರೆ ಇರುವವರು ನೆಲವನ್ನು ತೋಡಲೇಬಾರದು, ಮೇಲಕ್ಕೆ ಏರಿಸಬೇಕು. ಒಂದೂವರೆ ಅಡಿ ಎತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿ, ಗರಸು ಎರಡು ಪಾಲು, ಜಲ್ಲಿಪುಡಿ ಒಂದು ಪಾಲು, ಹಳೆಯ ತಿಪ್ಪೆಗೊಬ್ಬರ ಅರ್ಧ ಪಾಲಿನಂತೆ ಬೆರೆಸಿ ತುಂಬಿ, ನೀರು ಹರಿದುಹೋಗಲು ಒಂದು ಕಡೆ ಇಳಿಜಾರು ಕೊಡಬೇಕು. ನಮ್ಮ ಮನೆಯ ಕಟ್ಟೆಯಲ್ಲಿ ಲೋಳೆಸರ, ಅಡೆನಿಯಂ, ಕತ್ತಾಳೆ ಇದೇ ಮಿಶ್ರಣದಲ್ಲಿ ಚೆನ್ನಾಗಿವೆ. ಕತ್ತಾಳೆ ಹಾಕುವವರು ಒಂದು ಮಾತು ನೆನಪಿಡಬೇಕು: ಆನೆಕತ್ತಾಳೆ ಹತ್ತಾರು ವರ್ಷ ಬೆಳೆದು, ಒಮ್ಮೆ ಮಾತ್ರ ಮರದೆತ್ತರದ ಹೂಗೊಂಚಲು ಎತ್ತಿ ಸಾಯುತ್ತದೆ. ಬುಡದ ಮರಿಗಳು ಮುಂದುವರಿಯುತ್ತವೆ. ಅದರ ಎಲೆಯ ತುದಿಮುಳ್ಳು ಮಕ್ಕಳ ಕಣ್ಣಿನ ಎತ್ತರಕ್ಕೇ ಇರುವುದರಿಂದ ಓಡಾಡುವ ದಾರಿಯಿಂದ ದೂರ ಇಡಿ.

ವೇದಾವತಿ ತೀರ, ಹಿರಿಯೂರು

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಅಭಯಾರಣ್ಯದ ಕಡೆಯ ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುವ ಗಿಡಗಳನ್ನೇ ತೋಟಕ್ಕೆ ತರುವುದು ಒಳ್ಳೆಯದಲ್ಲವೇ ಎಂದು ಅನ್ನಿಸುತ್ತಿದೆ. ಆದರೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಬೀದಿಯಲ್ಲಿ ಆಡು ಕುರಿಗಳ ಓಡಾಟವೂ ಇದೆ. ಕಳ್ಳಿಹಾಲಿನ ಭಯವನ್ನು ನಮ್ಮ ಅತ್ತೆಯವರು ಪದೇ ಪದೇ ಹೇಳುತ್ತಾರೆ.

ಸಸ್ಯಪಾಠ, ತುಮಕೂರು

ನಿಮ್ಮ ಅತ್ತೆಯವರ ಮಾತು ನೂರಕ್ಕೆ ನೂರು ಸರಿ. ಕಳ್ಳಿ ಎಂಬ ಒಂದೇ ಹೆಸರಿನಡಿ ನಾವು ಎರಡು ಬೇರೆ ಬೇರೆ ಕುಲಗಳನ್ನು ಸೇರಿಸಿಬಿಟ್ಟಿದ್ದೇವೆ. ಭಾರತದ ನೆಲದಲ್ಲಿ ಹುಟ್ಟಿದ ಕ್ಯಾಕ್ಟಸ್ ಒಂದೂ ಇಲ್ಲ. ಅವು ಬಹುಮಟ್ಟಿಗೆ ಅಮೆರಿಕ ಖಂಡಗಳವು. ನಮ್ಮ ಬೇಲಿಗಳಲ್ಲಿರುವ ಚದುರಗಳ್ಳಿ, ಎಲೆಗಳ್ಳಿಗಳು ಯೂಫೋರ್ಬಿಯಾ ಕುಲಕ್ಕೆ ಸೇರಿದವು. ಗುರುತಿಸುವುದು ಸುಲಭ. ಕ್ಯಾಕ್ಟಸ್ಸಿನ ಮುಳ್ಳುಗಳು ಹತ್ತಿಯ ಚುಕ್ಕೆಯಂಥ ಸಣ್ಣ ಮೆತ್ತೆಯಿಂದ ಗೊಂಚಲಾಗಿ ಹೊರಡುತ್ತವೆ. ಚದುರಗಳ್ಳಿಯಲ್ಲಿ ಅಂಥ ಮೆತ್ತೆ ಇಲ್ಲ, ಏಣಿನ ಉದ್ದಕ್ಕೂ ಮುಳ್ಳುಗಳು ಜೋಡಿಜೋಡಿಯಾಗಿ ನಿಂತಿರುತ್ತವೆ, ಉಗುರು ತಾಗಿದರೆ ಸಾಕು ಬಿಳಿಹಾಲು ಜಿನುಗುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಉರಿ, ಊತ, ತಾತ್ಕಾಲಿಕವಾಗಿ ದೃಷ್ಟಿ ಹೋಗುವುದೂ ಉಂಟು. ತಕ್ಷಣ ಧಾರಾಳವಾಗಿ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳಿರುವ ಮನೆಯಲ್ಲಿ ಯೂಫೋರ್ಬಿಯಾಗಳನ್ನು ಹಿಂಬದಿಯ ಬೇಲಿಗೆ ಮಾತ್ರ ಇಟ್ಟುಕೊಳ್ಳಿ. ಅಡೆನಿಯಂ ಮತ್ತು ಕಣಗಿಲೆಗಳ ರಸವೂ ಹೃದಯಕ್ಕೆ ವಿಷಕಾರಿ ಎಂಬುದನ್ನು ಮಕ್ಕಳಿಗೆ ತಿಳಿಸಿಡಬೇಕು.

ಇನ್ನು ನಮ್ಮದೇ ಕಾಡಿನ ಗಿಡಗಳ ವಿಷಯ. ನನಗೆ ಬಹಳ ಇಷ್ಟವಾದದ್ದು ಕ್ಯಾರಲುಮಾ. ಬೆರಳು ಗಾತ್ರದ, ನಾಲ್ಕು ಏಣಿನ, ಎಲೆಯಿಲ್ಲದ ಹಸಿರು ಕಾಂಡಗಳು ಬಂಡೆಗಳ ನಡುವೆ, ಮುಳ್ಳುಪೊದೆಯ ಅಡಿಯಲ್ಲಿ ಗುಂಪಾಗಿ ನಿಂತಿರುತ್ತವೆ. ಫೀನಿಕ್ಸಿನವರು ಹೇಳಿದ ಪೋಷಕ ನೆರಳಿನ ಪದ್ಧತಿ ನಮ್ಮ ಕುರುಚಲು ಕಾಡಿನಲ್ಲೂ ಹೀಗೆ ನಡೆದಿದೆ. ಒಂದು ಜಾತಿಯಲ್ಲಿ ಕಾಂಡದ ಉದ್ದಕ್ಕೂ ಕಂದುನೇರಳೆಯ ಪುಟ್ಟ ಹೂಗಳು, ದಳದ ಅಂಚಿಗೆ ಗಾಳಿಗೆ ಅಲುಗುವ ಸಣ್ಣ ರೋಮಗಳು. ಇನ್ನೊಂದರಲ್ಲಿ ತುದಿಗೆ ಚೆಂಡಿನಂಥ ಹೂಗೊಂಚಲು. ಅದರ ಕೊಳೆತ ಮಾಂಸದ ವಾಸನೆಗೆ ನೊಣಗಳು ಬಂದು ಪರಾಗಸ್ಪರ್ಶ ಮಾಡುತ್ತವೆ. ಇದನ್ನು ಕಿಟಕಿಯಿಂದ ದೂರ ನೆಡಿ, ಆದರೆ ತೋಟದಲ್ಲಿ ಖಂಡಿತ ಇರಲಿ. ಕಾಡಿನಿಂದ ಕಿತ್ತು ತರುವುದು ಮಾತ್ರ ಬೇಡ. ಅಭಯಾರಣ್ಯದಿಂದ ಗಿಡ ತರುವುದು ಕಾನೂನಿಗೆ ವಿರುದ್ಧ, ಅದಕ್ಕಿಂತ ಮುಖ್ಯವಾಗಿ ಬೊಜ್ಜು ಕರಗಿಸುವ ಔಷಧಿಯ ಹೆಸರಿನಲ್ಲಿ ಬೇಡಿಕೆ ಇರುವ ಈ ಗಿಡಕ್ಕೆ ನಾವೂ ಕೈಹಾಕುವುದು ತರವಲ್ಲ. ಬೆಳೆಸಿದವರಿಂದ ಒಂದು ತುಂಡು ಪಡೆದರೂ ಸಾಕು, ಬೇರು ಬಿಡುತ್ತದೆ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೂ ತಂಗಡಿಯನ್ನೂ ಬಂದರಿಕೆಯನ್ನೂ ಆಡುಗಳು ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುತ್ತವೆ. ನಿಮ್ಮ ಬೀದಿಯ ಬದಿಗೆ ಇವೆರಡನ್ನೇ ಬೇಲಿಯಾಗಿ ಹಾಕಿ. ತಂಗಡಿ ಚಿನ್ನದ ಬಣ್ಣದ ಹೂ ಬಿಡುತ್ತದೆ, ಹಳದಿಬಿಳುಪಿನ ಚಿಟ್ಟೆಗಳು ಅದರ ಎಲೆಯ ಮೇಲೆ ಮೊಟ್ಟೆ ಇಡುತ್ತವೆ. ಬಂದರಿಕೆಯ ಎಲೆ ಅಂಟುಅಂಟಾಗಿ ಹೊಳೆಯುತ್ತದೆ, ರೆಕ್ಕೆಯುಳ್ಳ ಕಾಯಿಗಳು ನಸುಗೆಂಪಾಗಿ ಗಿಡದ ತುಂಬ ತೂಗುತ್ತವೆ. ಕವಳೆ, ಮುಳ್ಳುಗೋರಂಟೆ, ಲಕ್ಕಿ ಇವೂ ನಿಮ್ಮ ಗರಸಿಗೆ ಹೇಳಿ ಮಾಡಿಸಿದವು. ಇವು ಯಾವುವೂ ನೀರು ಕೂಡಿಡುವ ಗಿಡಗಳಲ್ಲ. ಆಳಕ್ಕೆ ಬೇರಿಳಿಸಿಯೋ, ಎಲೆ ಉದುರಿಸಿಯೋ, ಎಲೆಗೆ ಅಂಟು ಬಳಿದುಕೊಂಡೋ ಬರವನ್ನು ದಾಟುತ್ತವೆ. ಒಣತೋಟವೆಂದರೆ ಸಕ್ಯುಲೆಂಟ್ ತೋಟವೆಂದೇ ತಿಳಿಯುವುದು ನಮ್ಮ ಕಾಲದ ಒಂದು ದೊಡ್ಡ ತಪ್ಪುಗ್ರಹಿಕೆ.

ಬೇಡದ ಗಿಡಗಳ ಬಗ್ಗೆಯೂ ಒಂದು ಮಾತು. ಪಾಪಾಸುಕಳ್ಳಿಯನ್ನು ಕಂಪನಿಯವರು ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವಿಗೆ ಮೇವಾಗಿ ಹಬ್ಬಿಸಲು ಹೊರಟ ಕಾಲವಿತ್ತು. 1795ರಲ್ಲಿ ಬ್ರೆಜಿಲಿನಿಂದ ತಂದ ಹುಳು ಒಂದು ಜಾತಿಯ ಕಳ್ಳಿಯನ್ನು ತಿಂದುಹಾಕಿತು, ಆದರೆ ದಕ್ಷಿಣದ ಹೊಲಗಳಿಗೆ ನುಗ್ಗಿದ ಮತ್ತೊಂದು ಜಾತಿಯನ್ನು ತಹಬಂದಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಬೇರೊಂದು ಹುಳುವನ್ನು ತರಬೇಕಾಯಿತು. ಬಳ್ಳಾರಿ ಜಾಲಿಯ ಕಥೆ ಎಲ್ಲರಿಗೂ ಗೊತ್ತಿದೆ. ಬರವನ್ನು ಲೆಕ್ಕಿಸದ ಹೊರಗಿನ ಗಿಡ ಬೇಲಿ ದಾಟಿದರೆ ತಡೆಯುವವರಿಲ್ಲ. ಎಲೆಯ ತುದಿಯಲ್ಲಿ ಮರಿಗಳನ್ನು ಉದುರಿಸುವ ಕಡ್ಡಿಯಾಕಾರದ ಕಲಂಚೊವನ್ನು ಸಹ ನೆಲಕ್ಕೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಾರಸಿ ತೋಟ, ಬೆಂಗಳೂರು

ಮಂಗರವಳ್ಳಿಯನ್ನು ಯಾರೂ ಹೆಸರಿಸಲಿಲ್ಲವಲ್ಲ! ನಾಲ್ಕು ಮೂಲೆಯ ಗಿಣ್ಣುಗಿಣ್ಣಾದ ಆ ಬಳ್ಳಿಯ ಒಂದು ತುಂಡನ್ನು ಬೇಲಿಯ ಬುಡಕ್ಕೆ ಚುಚ್ಚಿದರೆ ಮತ್ತೆ ನೋಡಬೇಕಾಗಿಯೇ ಇಲ್ಲ. ಎಳೆಯ ಗಿಣ್ಣುಗಳ ನಾರು ತೆಗೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹುಳಿ ಸೇರಿಸಿ ಚಟ್ನಿ ಮಾಡುತ್ತೇವೆ. ಹುರಿಯುವುದರಲ್ಲಿ ಅವಸರ ಮಾಡಿದರೆ ಗಂಟಲು ಕೆರೆಯುತ್ತದೆ. ಮನೆಯ ಮುಂದೆ ದೊಡ್ಡಗೋಣಿ ಸೊಪ್ಪಿಗೂ ಒಂದು ಮೂಲೆ ಕೊಡಿ. ಅದೂ ರಸಭರಿತ ಗಿಡವೇ, ಸಾರಿಗೂ ಆಗುತ್ತದೆ.

ನರ್ಸರಿ ಕೈಗುಣ, ಬೆಂಗಳೂರು

ಮೇಡಂ, ಇಷ್ಟೆಲ್ಲ ಓದಿದ ಮೇಲೆ ನೆಡುವ ಕ್ರಮವನ್ನು ಹೇಳಿಬಿಡುತ್ತೇನೆ. ನಿಮ್ಮ ಕಡೆ ವರ್ಷದ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಳುತ್ತದೆ. ಆದ್ದರಿಂದ ತಂಗಡಿ, ಬಂದರಿಕೆ, ಕವಳೆಗಳನ್ನು ಜೂನ್ ಜುಲೈನ ಹದ ಮಳೆಗೆ ನೆಟ್ಟರೆ ದೊಡ್ಡ ಮಳೆಯ ಹೊತ್ತಿಗೆ ಬೇರು ಹಿಡಿದಿರುತ್ತವೆ. ಬೀಜದಿಂದ ಮಾಡುವುದಾದರೆ ತಂಗಡಿ ಮತ್ತು ಬಂದರಿಕೆಯ ಬೀಜಗಳ ಮೇಲೆ ಬಿಸಿನೀರು ಸುರಿದು ಒಂದು ರಾತ್ರಿ ನೆನೆಹಾಕಿ. ಸಿಪ್ಪೆ ಗಟ್ಟಿ ಇರುವುದರಿಂದ ಹಾಗೆಯೇ ಹಾಕಿದರೆ ಮೊಳಕೆ ಬರುವುದು ನಿಧಾನ. ಬರ ತಾಳುವ ಗಿಡವೆಂದು ಮೊದಲ ದಿನದಿಂದಲೇ ನೀರು ನಿಲ್ಲಿಸಬಾರದು. ಮೊದಲ ಎರಡು ಬೇಸಿಗೆ ಪ್ರತಿ ಗಿಡದ ಪಕ್ಕ ಒಂದು ಸಣ್ಣ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ವಾರಕ್ಕೊಮ್ಮೆ ತುಂಬಿಸಿ ಮುಚ್ಚಳ ಹಾಕಿ. ಮಣ್ಣಿನ ಮಡಕೆ ಜಿನುಗಿಸಿದ ನೀರನ್ನು ಹುಡುಕಿಕೊಂಡು ಬೇರು ಕೆಳಗಿಳಿಯುತ್ತದೆ.

ಸಕ್ಯುಲೆಂಟುಗಳನ್ನು ಅವಸರಿಸಬೇಡಿ. ಪೊದೆಗಳು ಸೊಂಟದೆತ್ತರಕ್ಕೆ ಬಂದು ಒಂದಿಷ್ಟು ನೆರಳು ಕೊಡತೊಡಗಿದ ಮೇಲೆ, ಮಳೆ ನಿಂತ ಕಾರ್ತಿಕ ಮಾಸದ ನಂತರ, ಅವುಗಳ ಮೂಡಣ ಬದಿಗೆ ನೆಡಿ. ಆಗ ಬೆಳಗಿನ ಬಿಸಿಲು ಸಿಗುತ್ತದೆ, ಇಳಿಹೊತ್ತಿನ ಸುಡುಬಿಸಿಲಿಗೆ ಪೊದೆ ಅಡ್ಡವಾಗುತ್ತದೆ, ಬೇಸಿಗೆಗೆ ಮೊದಲು ಬೇರು ಬಿಡಲು ಮೂರು ನಾಲ್ಕು ತಿಂಗಳು ದೊರೆಯುತ್ತದೆ. ಕತ್ತರಿಸಿದ ತುಂಡನ್ನು ಅಂದೇ ಮಣ್ಣಿಗೆ ಇಡಬಾರದು. ನೆರಳಿನಲ್ಲಿ ಒಂದು ವಾರ ಇಟ್ಟು, ಕೊಯ್ದ ಭಾಗ ಒಣಗಿ ಗಟ್ಟಿಯಾದ ಮೇಲೆ ನೆಡಬೇಕು. ಯೂಫೋರ್ಬಿಯಾ ಆದರೆ ಹಾಲು ನಿಲ್ಲುವವರೆಗೆ ತುದಿಯನ್ನು ನೀರಿನಲ್ಲಿ ಅದ್ದಿ, ಕೈಗವಸು ಹಾಕಿಕೊಂಡೇ ಮುಟ್ಟಬೇಕು, ಒಣಗಲು ಇನ್ನೊಂದು ವಾರ ಹೆಚ್ಚು ಕೊಡಬೇಕು. ನೆಟ್ಟು ಒಂದು ವಾರದ ಮೇಲೆ ಮೊದಲ ನೀರು. ಆಮೇಲೆ ಬೆರಳು ಇಳಿಸಿ ನೋಡಿ, ಎರಡಂಗುಲ ಕೆಳಗೂ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ, ಹಾಕಿದಾಗ ತುಂಬ ಹಾಕಿ.

ಜಲ್ಲಿ ಬೇಕೇಬೇಕೆಂದಿದ್ದರೆ ನಿಮ್ಮ ನೆಲದಲ್ಲೇ ಅಗೆದಾಗ ಸಿಕ್ಕ ಕಲ್ಲುಗಳನ್ನು ಒಡೆಸಿ, ಗಿಡದ ಬುಡದ ಸುತ್ತ ಮಾತ್ರ ತೆಳುವಾಗಿ ಹರಡಿ. ಮಣ್ಣಿನ ಪಸೆ ಆರದಂತೆ ಕಾಯಲು ಅಷ್ಟು ಸಾಕು. ಎಲೆಗಳ ಕಂಕುಳಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟುತಿಗಣೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿ, ಸೋಪಿನ ನೀರಿನಲ್ಲಿ ಕದಡಿದ ಬೇವಿನ ಎಣ್ಣೆಯನ್ನು ಸಂಜೆ ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಬಿಸಿಲಿನಲ್ಲಿ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ.

ವೇದಾವತಿ ತೀರ, ಹಿರಿಯೂರು

ತುಂಬ ಉಪಕಾರವಾಯಿತು. ಬೀದಿಯ ಬದಿಗೆ ತಂಗಡಿ ಮತ್ತು ಬಂದರಿಕೆ, ಪಡುವಣಕ್ಕೆ ಲಕ್ಕಿ ಮತ್ತು ದೇವಗಣಗಿಲೆ ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಕ್ಯಾರಲುಮಾ ಬೆಳೆಸುತ್ತಿರುವವರು ಚಿತ್ರದುರ್ಗ ಅಥವಾ ತುಮಕೂರಿನ ಕಡೆ ಇದ್ದರೆ ಒಂದು ತುಂಡು ಕೊಡಬಹುದೇ? ಬದಲಿಗೆ ನಮ್ಮ ಹಿತ್ತಲಿನ ಮಂಗರವಳ್ಳಿಯನ್ನು ಎಷ್ಟು ಬೇಕಾದರೂ ಕೊಡುತ್ತೇವೆ.

ಸಸ್ಯಪಾಠ, ತುಮಕೂರು

ನಮ್ಮ ಕಾಲೇಜಿನ ತೋಟದಲ್ಲಿ ಎರಡೂ ಜಾತಿಯ ಕ್ಯಾರಲುಮಾ ಇವೆ. ಮಳೆಗಾಲ ಮುಗಿದ ಮೇಲೆ ಬನ್ನಿ, ಒಣಗಿಸಿದ ತುಂಡುಗಳನ್ನು ಸಿದ್ಧ ಮಾಡಿ ಇಟ್ಟಿರುತ್ತೇನೆ.